ನವೆ ಇಲ್ಲದ ಕಜ್ಜಿ

ಕೆಲಸ ಬಿಟ್ಟು ವರ್ಷಗಳಾದರೂ ನನ್ನ ಕಣ್ಣು ಮೊದಲು ಹೋಗುವುದು ಎದುರಿಗಿರುವವರ ಬೆರಳ ಸಂದಿಗೆ. ಕುಂಕುಮ ಕೊಡಲು ಯಾರಾದರೂ ಕೈ ಚಾಚಿದರೂ ಅಷ್ಟೆ, ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟರೂ ಅಷ್ಟೆ. ಸಂದಿಯಲ್ಲಿ ಸಣ್ಣ ಗುಳ್ಳೆ, ಅದರ ಪಕ್ಕ ದಾರದೆಳೆಯಂಥ ಬೂದು ಗೆರೆ ಇದ್ದರೆ ಕಜ್ಜಿ. ಗೆರೆಯ ಕೊನೆಯಲ್ಲಿ ಹುಳ ಕೂತಿರುತ್ತದೆ. ಇಷ್ಟನ್ನು ಯಾರು ಬೇಕಾದರೂ ಕಲಿಯಬಹುದು. ನಮ್ಮ ಬೀದಿಯ ಹುಡುಗಿ ಆರೋಗ್ಯ ಕೇಂದ್ರದ ಕೆಲಸಕ್ಕೆ ಸೇರಿದ ದಿನ ಬಂದು, "ಆಂಟಿ, ಮೊದ್ಲು ಏನು ಕಲೀಬೇಕು ಹೇಳ್ರಿ" ಅಂದಳು. ಗೆರೆ ನೋಡುವುದನ್ನು ಹೇಳಿದೆ. ಆಮೇಲೆ, "ಬಂದವರನ್ನ ಇನ್ನೊಂದು ಮಾತು ಕೇಳಬೇಕು, ಈ ಮೊದ್ಲು ಏನು ಮಾತ್ರೆ ತಿಂದ್ರಿ ಅಂತ" ಎಂದೆ. ಯಾಕೆ ಅಂತ ಅವಳು ಕೇಳಿದಳು. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಎದ್ದು ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ. ಆವತ್ತಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೆಯ ತರಗತಿ. ಉಳಿದ ಅಕ್ಷರ ಔಷಧಿ ಬಾಟಲಿಗಳ ಮೇಲೆ ಕಲಿತದ್ದು.

ಲಾರಿಯಲ್ಲಿ ಕ್ಲೀನರ್ ಆಗಿದ್ದ ನನ್ನ ಗಂಡ ದಾರಿಯಲ್ಲೇ ತೀರಿಕೊಂಡ ಮೇಲೆ ಚಿತ್ರದುರ್ಗದ ಆಸ್ಪತ್ರೆಯೊಂದರ ಚರ್ಮದ ವಿಭಾಗದಲ್ಲಿ ನನಗೆ ಆಯಾ ಕೆಲಸ ಸಿಕ್ಕಿತು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಸ ಹೊಡೆಯಲು ಸೇರಿದವಳನ್ನು ಬೇಗನೆ ಪರದೆಯ ಒಳಗೆ ನಿಲ್ಲಿಸಿದರು. ಹೆಂಗಸರು ಗಂಡಸು ಡಾಕ್ಟರಿಗೆ ಮೈ ತೋರಿಸುತ್ತಿರಲಿಲ್ಲ. ಡಾಕ್ಟರು ಪರದೆಯ ಆಚೆ ಕುರ್ಚಿಯಲ್ಲಿ ಕೂರುವುದು, ನಾನು ಒಳಗೆ ನೋಡಿ ಕೂಗಿ ಹೇಳುವುದು.

"ಸೊಂಟದ ಸುತ್ತ ಐತೆ ಸಾ! ಎದೆ ಕೆಳಗೂ ಐತೆ!"

"ಅಯ್ಯೋ ನಿನ್ನ ಬಾಯಿಗೆ ಮಣ್ಣು ಹಾಕ! ಸಂತೇಲಿ ಸಾರಿದಂಗೆ ಸಾರ್ತೀಯಲ್ಲೇ, ಮೆಲ್ಲಗೆ ಹೇಳೇ" ಎಂದು ಒಳಗಿದ್ದವಳು ನನ್ನ ತೋಳು ಚಿವುಟುತ್ತಿದ್ದಳು.

ಹೊರಗೆ ಔಷಧಿ ಕೊಡುವ ಕಾಂಪೌಂಡರ್ ಈರಣ್ಣ, "ನಮ್ ತಿಪ್ಪಮ್ಮನ ಗಂಟ್ಲಿಗೆ ಕೋಟೆ ಮೇಲಿನ ಕೋತಿನೂ ಕೆಳಗಿಳೀತಾವೆ ಬಿಡ್ರಿ" ಎಂದು ನಗುತ್ತಿದ್ದ. ನನ್ನ ಗಂಟಲು ನಿಜಕ್ಕೂ ಜೋರು. ಅದು ಎಲ್ಲಿ ಕೈಕೊಟ್ಟಿತು ಎಂಬುದೇ ಈ ಕಥೆ.

ವಾರಕ್ಕೊಮ್ಮೆ ಜೀಪು ಹತ್ತಿ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆಗೆ ಹೋಗುತ್ತಿದ್ದೆವು. ಬಡವರ ಮನೆಯಲ್ಲಿ ಕಜ್ಜಿಗೆ ಕಜ್ಜಿ ಎಂದೇ ಹೆಸರು. ಭೀಮಸಮುದ್ರದ ಅಡಿಕೆ ವ್ಯಾಪಾರದ ದೊಡ್ಡ ಮನೆಯೊಂದರಲ್ಲಿ ಅದಕ್ಕೆ ಉಷ್ಣ ಎನ್ನುತ್ತಿದ್ದರು. ಅಜ್ಜನಿಂದ ಹಿಡಿದು ಮೊಮ್ಮಗುವಿನವರೆಗೆ ಎಲ್ಲರಿಗೂ ಒಟ್ಟಿಗೇ ಉಷ್ಣವಾಗಿತ್ತು. ಮಜ್ಜಿಗೆ ಕುಡಿದು ಕುಡಿದು ಸಾಕಾಗಿದೆ ಎಂದು ಯಜಮಾನರು ಹೇಳಿದಾಗ ನಾನು, "ಇದು ಕಜ್ಜಿ ಸ್ವಾಮಿ" ಎಂದುಬಿಟ್ಟೆ. ಮನೆಯವರು ನಮಗೆ ಕಾಫಿಯನ್ನೂ ಕೊಡದೆ ಕಳಿಸಿದರು. ಜೀಪಿನಲ್ಲಿ ಡಾಕ್ಟರು, "ಇನ್ನು ಮುಂದೆ ಉಷ್ಣದ ಹುಳ ಅಂತ ಹೇಳಮ್ಮ, ಕಾಫಿನಾದರೂ ಸಿಗುತ್ತೆ" ಎಂದರು.

ಆಗ ಔಷಧಿ ಎಂದರೆ ಗಂಧಕದ ಮುಲಾಮು, ಇಲ್ಲವೇ ಹಾಲಿನಂಥ ಬಿಳಿ ಔಷಧಿ. ಕುತ್ತಿಗೆಯಿಂದ ಅಂಗಾಲಿನವರೆಗೆ ಒಂದು ಚೂರೂ ಬಿಡದೆ ಹಚ್ಚಬೇಕು. ಮನೆಮಂದಿಯೆಲ್ಲ ಒಂದೇ ದಿನ ಹಚ್ಚಬೇಕು. ಹಾಸಿಗೆ ಬಟ್ಟೆ ಕುದಿಸಬೇಕು. ಮದಕರಿಪುರದ ಒಂದು ಮನೆಯಲ್ಲಿ ಎಲ್ಲರೂ ಹಚ್ಚಿಕೊಂಡರು. ಮುದುಕಿಯೊಬ್ಬಳು ಮಾತ್ರ, "ನನಗೇನು ಕೆರೆಯಲ್ಲ, ನನ್ನ್ಯಾಕೆ ಮುಟ್ತೀರಿ" ಎಂದಳು. ನಾನು ಬಿಟ್ಟೆ. ಮುಂದಿನ ತಿಂಗಳು ಇಡೀ ಮನೆ ಮತ್ತೆ ಕೆರೆದುಕೊಳ್ಳುತ್ತಾ ಬಂತು. ಡಾಕ್ಟರು ನನ್ನನ್ನು ಕೂರಿಸಿ ಹೇಳಿದರು. ನವೆ ಹುಳದ ಕಡಿತವಲ್ಲ, ಹುಳದ ವಿರುದ್ಧ ನಮ್ಮ ಮೈಯೇ ಎಬ್ಬಿಸುವ ಗಲಾಟೆ. ಮೊದಲ ಸಲ ಹುಳ ಹೊಕ್ಕಾಗ ಚರ್ಮಕ್ಕೆ ಅದರ ಗುರುತಿರುವುದಿಲ್ಲ. ವಾರಗಟ್ಟಲೆ ಸುಮ್ಮನಿರುತ್ತದೆ. ಒಮ್ಮೆ ಗುರುತು ಹಿಡಿದ ಮೇಲೆ ಮುಂದಿನ ಸಲ ಒಂದೆರಡು ದಿನದಲ್ಲೇ ಎಚ್ಚರಿಸುತ್ತದೆ. "ಕೆರೆಯದವರಿಗೂ ಹಚ್ಚಿಸು" ಎಂದರು. ಅಂದಿನಿಂದ ಆ ಮಾತನ್ನು ಊರೂರಿನಲ್ಲಿ ಕೂಗಿ ಹೇಳಿದೆ. ನನ್ನ ತಂಗಿ ಒಬ್ಬಳಿಗೆ ಮಾತ್ರ ಹೇಳಲಿಲ್ಲ.

ನಮ್ಮ ಅಪ್ಪ ಅವ್ವ ಬೇಗ ಹೋಗಿದ್ದರು. ತಂಗಿ ಗಂಗಿಯನ್ನು ಸಾಕಿದವಳು, ಹಿರಿಯೂರಿನ ಹತ್ತಿರದ ಆದಿವಾಲದಲ್ಲಿ ಕುರಿ ಸಾಕುವ ಮನೆಗೆ ಕೊಟ್ಟವಳು ನಾನೇ. ಗಂಡ ರಂಗಪ್ಪ ಮಾತು ಕಡಿಮೆ, ಮನುಷ್ಯ ಒಳ್ಳೆಯವನು. ಅತ್ತೆ ಸಿದ್ದಮ್ಮನ ಮಾತೇ ಆ ಹಟ್ಟಿಗೆ ಕಾಯಿದೆ. ಅವರಲ್ಲಿ ಬಂದವರನ್ನು ಕಂಬಳಿ ಹಾಸಿ ಕೂರಿಸುತ್ತಾರೆ. ಕಂಬಳಿಯ ಮೇಲೆ ಕೂರಿಸಿದರೆ ನಮ್ಮವರು ಎಂದ ಹಾಗೆ. ದೇವರಿಗೂ ಅದೇ ಗದ್ದುಗೆ.

ಮದುವೆಯಾದ ಮರುವರ್ಷ ಗಂಗಿ ನನ್ನ ಮನೆಗೆ ಬಂದಾಗ ಮೈಯೆಲ್ಲ ಕೆರೆದು ರಕ್ತ ಬರಿಸಿಕೊಂಡಿದ್ದಳು. ಮೈದುನನ ಮದುವೆ ಹತ್ತಿರವಿತ್ತು. ಹೊಸ ಸೊಸೆಗೆ ಆರತಿ ಎತ್ತಬೇಕಾದವಳು ಇವಳೇ.

"ಆರತಿ ತಟ್ಟೆ ಹಿಡ್ಕಂಡು ಕೆರ್ಕಂತಾ ನಿಂತ್ಕಳ್ಳಾಕಾಯ್ತದಾ ಅಕ್ಕಾ? ಏನಾರ ಮಾಡೇ" ಎಂದು ಅತ್ತಳು.

"ಮನೇರೆಲ್ಲ ಬಿಳಿ ಔಷಧಿ ಹಚ್ಕಳ್ರಿ, ಕಂಬಳಿ ಕುದಿಯೋ ನೀರಿಗೆ ಹಾಕ್ರಿ."

"ಕಂಬಳಿ ಕುದಿಸಾಕೆ ನಮ್ಮತ್ತೆ ಬಿಟ್ಟಾಳಾ? ದೇವ್ರನ್ನ ಕುದಿಸ್ತೀಯೇನೇ ಅಂತಾಳೆ."

ಆ ತಿಂಗಳು ನಮ್ಮಲ್ಲಿ ಮೈತುಂಬ ದೊಡ್ಡ ಗುಳ್ಳೆಗಳೆದ್ದ ರೋಗಿಯೊಬ್ಬಳಿದ್ದಳು. ಡಾಕ್ಟರು ಅವಳಿಗೆ ಸಣ್ಣ ಬಿಳಿ ಮಾತ್ರೆ ಕೊಡುತ್ತಿದ್ದರು. ಸ್ಟೀರಾಯ್ಡ್ ಎಂಬ ಹೆಸರು ನನಗೆ ಆಮೇಲೆ ಗೊತ್ತಾದದ್ದು. ಉರಿ, ನವೆ, ಕೆಂಪು ಎಲ್ಲ ಎರಡೇ ದಿನಕ್ಕೆ ಇಳಿದಿದ್ದನ್ನು ಕಣ್ಣಾರೆ ಕಂಡಿದ್ದೆ. ಬೀರುವಿನ ಬೀಗದ ಕೈ ನನ್ನ ಹತ್ತಿರವೇ ಇರುತ್ತಿತ್ತು. ಡಬ್ಬಿಯಿಂದ ಒಂದು ಹಿಡಿ ತೆಗೆದು ಗಂಗಿಯ ಸೆರಗಿಗೆ ಕಟ್ಟಿ ಕಳಿಸಿದೆ.

ಮದುವೆಯಲ್ಲಿ ಗಂಗಿ ನೆಟ್ಟಗೆ ನಿಂತು ಆರತಿ ಎತ್ತಿದಳು. ಸಿದ್ದಮ್ಮ ನನ್ನ ಕೈ ಹಿಡಿದು ಕಂಬಳಿಯ ಮೇಲೆ ಕೂರಿಸಿ, "ನಮ್ ಬೀಗ್ತಿ ಕೈಗುಣ ಯಾವ ಡಾಕ್ಟ್ರಿಗೂ ಇಲ್ಲ ನೋಡ್ರೇ" ಎಂದು ಎಲ್ಲರೆದುರು ಹೇಳಿದಳು. ಮೂರನೇ ತರಗತಿ ಓದಿದವಳಿಗೆ ಆ ಮಾತು ಎಷ್ಟು ಸಿಹಿ ಎಂದು ನಿಮಗೆ ಹೇಗೆ ಹೇಳಲಿ. ಮಾತ್ರೆ ನಿಲ್ಲಿಸಿದರೆ ನವೆ ಬರುತ್ತದೆ ಎಂದು ಗಂಗಿ ಮತ್ತೆ ಬಂದಳು. ಮತ್ತೆ ಕೊಟ್ಟೆ. ಹಿರಿಯೂರು ಕಡೆ ಜೀಪು ಹೋದಾಗಲೆಲ್ಲ ಕೊಟ್ಟೆ. ಅವಳ ಮುಖ ದುಂಡಗಾಯಿತು, ಕೆನ್ನೆ ತುಂಬಿತು. "ಗಂಡನ ಮನೆ ಮುದ್ದೆ ಹಿಡಿಸೈತೆ" ಎಂದು ಅತ್ತೆ ಹಿಗ್ಗಿದಳು. ನಾನೂ ಹಿಗ್ಗಿದೆ. ಅದು ಮಾತ್ರೆಯ ಊತ ಎಂದು ತಿಳಿದಿರಲಿಲ್ಲ.

ಅಷ್ಟರಲ್ಲಿ ಆ ಮನೆಯಲ್ಲಿ ಒಬ್ಬೊಬ್ಬರಿಗೇ ಕೆರೆತ ಹತ್ತಿತು. ಅತ್ತೆ, ಗಂಡ, ಹೊಸ ಸೊಸೆ, ಆಮೇಲೆ ಅಕ್ಕಪಕ್ಕದವರು. ಬಿಳಿ ಔಷಧಿ ಕಳಿಸಿದೆ. ಹಚ್ಚಿದರೆ ಹೋಗುತ್ತದೆ, ಮತ್ತೆ ಬರುತ್ತದೆ. ಇಡೀ ಹಟ್ಟಿ ಕೆರೆದುಕೊಳ್ಳುತ್ತಿತ್ತು, ಗಂಗಿ ಒಬ್ಬಳು ಮಾತ್ರ ತಣ್ಣಗಿದ್ದಳು. ಅವಳಿಗೆ ನನ್ನ ಮಾತ್ರೆಯಿಂದ ವಾಸಿಯಾಗಿದೆ ಎಂದೇ ನಾನು ನಂಬಿದ್ದೆ. ಹಾಗಾಗಿ ಔಷಧಿ ಹಚ್ಚಿಕೊಳ್ಳಲು ಅವಳಿಗೆ ಹೇಳಲೇ ಇಲ್ಲ.

ಬೇಸಿಗೆಯಲ್ಲಿ ರಂಗಪ್ಪ ಅವಳನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಬಂದ. ಪರದೆಯ ಒಳಗೆ ಅವಳ ಸೆರಗು ಸರಿಸಿ ನೋಡಿದೆ. ಕೈ, ಮೊಣಕೈ, ಕಿವಿಯ ಹಿಂದೆ ಗೋಡೆಯ ಸುಣ್ಣ ಎದ್ದ ಹಾಗೆ ದಪ್ಪ ಬೂದು ಚಕ್ಕೆ. ಉಗುರು ಹಲಗೆಯಂತೆ ದಪ್ಪ. ಗೆರೆ ಹುಡುಕಲು ಜಾಗವೇ ಇಲ್ಲ.

"ನೋಯ್ತೈತೇನೇ?"

"ಇಲ್ಲ."

"ನವೆ?"

"ಏನೂ ಇಲ್ಲಕ್ಕ. ನಿನ್ ಮಾತ್ರೆ ತಿಂತಿದೀನಲ್ಲ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

ಆಚೆಯಿಂದ ಡಾಕ್ಟರು ಕೇಳಿದರು, "ಏನು ಕಾಣುತ್ತೆ ತಿಪ್ಪಮ್ಮ?" ಮೊದಲ ಸಲ ನನಗೆ ಕೂಗಲು ಆಗಲಿಲ್ಲ. ಅವರೇ ಒಳಗೆ ಬಂದು ನೋಡಿದರು. "ಈ ಮೊದಲು ಏನಾದರೂ ಮಾತ್ರೆ ತಗೊಂಡಿದ್ದಾಳಾ?" ಎಂದರು. ಗಂಗಿ ನನ್ನ ಮುಖ ನೋಡಿದಳು. ನಾನು, "ಇಲ್ಲ ಸಾ" ಎಂದೆ.

ಮಾತ್ರೆಯ ವಿಷಯ ತಿಳಿಯದ ಡಾಕ್ಟರಿಗೆ ನವೆಯಿಲ್ಲದ ದಪ್ಪ ಚರ್ಮ ಕಂಡಿತು. "ಕುಷ್ಠವೂ ಇರಬಹುದು, ಪರೀಕ್ಷೆ ಮಾಡೋಣ" ಎಂದರು. ಬಾಗಿಲಲ್ಲಿ ನಿಂತಿದ್ದ ರಂಗಪ್ಪನಿಗೆ ಆ ಒಂದು ಮಾತು ಸಾಕಾಯಿತು. ಅವನು ಮಧ್ಯಾಹ್ನದ ಬಸ್ಸಿಗೇ ಆದಿವಾಲಕ್ಕೆ ಹೋದ. ಮತ್ತೆ ಬರಲಿಲ್ಲ.

ಮರುದಿನ ಚಕ್ಕೆಯ ಒಂದು ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟ ಡಾಕ್ಟರು ಬೆಚ್ಚಿ ಎದ್ದು ನಿಂತರು. ನನ್ನನ್ನೂ ಈರಣ್ಣನನ್ನೂ ಕರೆದು ತೋರಿಸಿದರು. ಸಂತೆಯಲ್ಲಿ ಜನ ತುಂಬಿದ ಹಾಗೆ ಹುಳ. ಬೇರೆಯವರ ಇಡೀ ಮೈಯಲ್ಲಿ ಹುಡುಕಿದರೂ ಬೆರಳೆಣಿಕೆಯಷ್ಟು ಸಿಗುವ ಹುಳ ಇವಳ ಒಂದು ಚಕ್ಕೆಯಲ್ಲಿ ಮಿಜಿಮಿಜಿ ಎನ್ನುತ್ತಿದ್ದವು. "ಇದು ಕಜ್ಜಿ! ಆದರೆ ಇವಳಿಗೆ ನವೆ ಯಾಕಿಲ್ಲ?" ಎಂದು ಅವರು ತಮ್ಮನ್ನೇ ಕೇಳಿಕೊಂಡರು. ನಾನು ಚಕ್ಕೆ ಉದುರಿದ ನೆಲ ಒರೆಸಲು ಬಗ್ಗಿದೆ.

ಆಸ್ಪತ್ರೆಗೆ ಸೇರಿದ ಮೇಲೆ ಮಾತ್ರೆ ಇದ್ದಕ್ಕಿದ್ದಂತೆ ನಿಂತಿತ್ತಲ್ಲ, ಗಂಗಿಗೆ ವಾಂತಿ ಶುರುವಾಯಿತು. ಎದ್ದರೆ ತಲೆ ತಿರುಗಿ ಬೀಳುತ್ತಿದ್ದಳು. ರಕ್ತದೊತ್ತಡ ಇಳಿಯುತ್ತಾ ಹೋಯಿತು. ಡಾಕ್ಟರು ಮತ್ತೆ ನನ್ನ ಕಡೆ ತಿರುಗಿ, "ಏನನ್ನೋ ಮುಚ್ಚಿಡುತ್ತಿದ್ದೀಯ. ಇವಳು ಉಳಿಯಬೇಕಾ ಬೇಡವಾ?" ಎಂದರು. ಆಗ ಹೇಳಿದೆ. ಬೀರು, ಡಬ್ಬಿ, ಸೆರಗು, ಎಲ್ಲ.

ಬೈಯುತ್ತಾರೆ ಎಂದುಕೊಂಡೆ, ಅವರು ಬೈಯಲಿಲ್ಲ. ತಕ್ಷಣ ಅದೇ ಔಷಧಿಯನ್ನು ಸೂಜಿಯಲ್ಲಿ ಕೊಟ್ಟರು; ಅದಕ್ಕೆ ಒಗ್ಗಿದ ಮೈ ಥಟ್ಟನೆ ನಿಲ್ಲಿಸಿದರೆ ತಡೆಯುವುದಿಲ್ಲವಂತೆ. ಆಮೇಲೆ ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿದರು. ಬಿಸಿನೀರಿನಲ್ಲಿ ನೆನೆಸಿ ಚಕ್ಕೆ ಬಿಡಿಸುವುದು, ಮುಲಾಮು ತಿಕ್ಕುವುದು ನನ್ನ ಕೆಲಸ. ಒಂದು ದಿನ ಅವರು ನನ್ನನ್ನು ಕೇಳಿದರು, "ನಿಮ್ಮವರು ಕುರಿ ಸಾಕುವವರಲ್ಲವಾ? ತೋಳ ಬಂದರೆ ಯಾರು ಎಚ್ಚರಿಸುತ್ತಾರೆ?"

"ನಾಯಿ ಸಾ."

"ನವೆ ಅಂದರೆ ಅದೇ ನಾಯಿ. ಬೊಗಳಾಟ ಕೇಳಲಾಗದೆ ನೀನು ನಾಯಿಯ ಬಾಯಿ ಕಟ್ಟಿದೆ. ತೋಳ ನೆಮ್ಮದಿಯಾಗಿ ಕುರಿ ತಿಂತು."

ಆಮೇಲೆ, "ಮೇಲಿನವರಿಗೆ ನಾನು ಹೇಳಲ್ಲ. ಆದರೆ ಅವಳ ಗಂಡನ ಮನೆಯವರಿಗೆ ನೀನೇ ಹೇಳಬೇಕು. ಅದನ್ನು ನಾನು ಮಾಡಲಾಗುವುದಿಲ್ಲ" ಎಂದರು.

ಮಳೆಗಾಲ ಬರುವ ಹೊತ್ತಿಗೆ ಒಂದು ಬೆಳಿಗ್ಗೆ ಗಂಗಿ ವಾರ್ಡಿನಿಂದ ಕೂಗಿದಳು, "ಅಕ್ಕಾ! ನವೆ ಆಗ್ತೈತೆ ಕಣೇ!" ಓಡಿದೆ. ಕಂಕುಳ ಹತ್ತಿರ ಪರಪರ ಕೆರೆದುಕೊಂಡು ನಗುತ್ತಿದ್ದಳು. ಈರಣ್ಣ ಬಾಗಿಲಲ್ಲಿ ನಿಂತು, "ನವೆ ಬಂತು ಅಂತ ಹಬ್ಬ ಮಾಡೋ ಹೆಂಗಸ್ರನ್ನ ಇವತ್ತೇ ಕಂಡಿದ್ದು ನಾನು" ಎಂದ. ಡಾಕ್ಟರು ಬಂದು, "ನಾಯಿ ಎದ್ದಿದೆ" ಎಂದರು. ಉಳಿದ ಹುಳಕ್ಕೆ ಇನ್ನೆರಡು ಸಲ ಔಷಧಿ ಹಚ್ಚಿದೆವು. ಗಂಗಿಯ ಚರ್ಮ ಎಳೆಯ ಕೂಸಿನ ಹಾಗಾಯಿತು.

ಅವಳನ್ನು ಕರೆದುಕೊಂಡು ಆದಿವಾಲಕ್ಕೆ ಹೋದೆ. ಊರ ಹೊರಗೆ ರಸ್ತೆ ಪಕ್ಕದ ಹೊಂಗೆ ಮರದ ಕೆಳಗೆ ಅವಳನ್ನೂ ಅವಳ ಗಂಟನ್ನೂ ಕೂರಿಸಿದೆ. "ಮೊದ್ಲು ನಾನು ಮಾತಾಡಿ ಬರ್ತೀನಿ" ಎಂದೆ. ಕಡ್ಡಿಯಿಂದ ನೆಲ ಕೆರೆಯುತ್ತಾ ತಲೆಯಾಡಿಸಿದಳು.

ಹಟ್ಟಿಯ ಬೇವಿನ ಕೆಳಗೆ ಸಿದ್ದಮ್ಮ ಕಂಬಳಿಯ ಮೇಲೆ ಕೂತಿದ್ದಳು. ನಾನು ಹತ್ತಿರ ಹೋದಂತೆ ಕಂಬಳಿಯ ಅಂಚನ್ನು ತನ್ನ ಕಡೆಗೆ ಮಡಚಿಕೊಂಡಳು. ಕೂರು ಎನ್ನಲಿಲ್ಲ. ರಂಗಪ್ಪ ಗೋಡೆಗೆ ಒರಗಿ ನಿಂತಿದ್ದ. ನೆರೆಯವರು ನಾಲ್ಕಾರು ಜನ ಸೇರಿದರು.

"ದೊಡ್ಡ ರೋಗ ಅಲ್ಲ ಕಣ್ರವ್ವ. ಬರೀ ಕಜ್ಜಿ. ವಾಸಿ ಆಗೈತೆ" ಎಂದೆ. ಕುಷ್ಠದ ಹೆಸರು ಹೇಳಲು ಅಂಜಿ ನಮ್ಮ ಕಡೆ ದೊಡ್ಡ ರೋಗ ಎನ್ನುತ್ತಾರೆ.

ಸಿದ್ದಮ್ಮ ಶಾಂತವಾಗಿಯೇ ಕೇಳಿದಳು. "ಕಜ್ಜಿ ಅಂತೀಯ. ನಮ್ಗೆಲ್ಲ ಕೆರೀತು, ರಾತ್ರಿಯೆಲ್ಲ ನಿದ್ದಿ ಇಲ್ಲ. ನನ್ ಮಗನ್ ಬೆನ್ನು ನೋಡು ಬೇಕಾದ್ರೆ. ಕಜ್ಜಿ ಆದ್ರೆ ಅವ್ಳಿಗ್ಯಾಕೆ ಕೆರೀಲಿಲ್ಲ? ಮೈ ಮರಗಟ್ಟಾದು ದೊಡ್ಡ ರೋಗದಾಗಲ್ಲೇನು? ಇದೊಂದು ಹೇಳು ಸಾಕು, ಇವತ್ತೇ ಕರ್ಕಂತೀನಿ."

ನ್ಯಾಯವಾದ ಪ್ರಶ್ನೆ. ಡಾಕ್ಟರೂ ಅದನ್ನೇ ಕೇಳಿದ್ದರು. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ನಾನು ಕದ್ದು ಕೊಟ್ಟ ಮಾತ್ರೆ ಅವಳ ಮೈಯ ನಾಯಿಯ ಬಾಯಿ ಕಟ್ಟಿತ್ತು, ಅಷ್ಟೆ. ಆದರೆ ಆ ಗುಂಪಿನಲ್ಲಿ ವಾರವಾರ ನಮ್ಮ ಆಸ್ಪತ್ರೆಗೆ ಮೊಟ್ಟೆ ತರುವವನ ಹೆಂಡತಿಯೂ ನಿಂತಿದ್ದಳು. ಮಾತು ದುರ್ಗ ಮುಟ್ಟಿದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ನಾನೆಲ್ಲಿಗೆ? ಇದನ್ನು ಹೇಳುವುದು ಸುಲಭ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಕೈಗುಣ ಎಂದು ಹೊಗಳಿದ ಅದೇ ಬಾಯಿಯ ಎದುರು ನಿಂತಿದ್ದೆ.

"ಗೊತ್ತಿಲ್ಲ ಕಣವ್ವ" ಎಂದೆ. ನನಗೇ ಕೇಳಿಸದಷ್ಟು ಮೆಲ್ಲಗೆ.

ರಂಗಪ್ಪ ಒಳಗೆ ಹೋದ.

ರಸ್ತೆಗೆ ವಾಪಸ್ಸು ಬಂದಾಗ ದೂರದಿಂದ ನನ್ನನ್ನು ಕಂಡ ಗಂಗಿ ಗಂಟು ಎತ್ತಿಕೊಂಡು ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. "ಬಾ ಅಂದ್ರಾ?" ಎಂದಳು.

"ಬಸ್ಸಿನ ಹೊತ್ತಾತು. ಹೋಗಾಣ ನಡಿ" ಎಂದೆ.

ಆಮೇಲೆ ರಂಗಪ್ಪ ಬೇರೆ ಮದುವೆಯಾದ. ಗಂಗಿ ನನ್ನ ಮನೆಯಲ್ಲೇ ಉಳಿದು ಕಡ್ಲೆಕಾಯಿ ಮಿಲ್ಲಿನಲ್ಲಿ ಬೀಜ ಆರಿಸುವ ಕೆಲಸ ಹಿಡಿದಳು. ಮಾತ್ರೆಯಿಂದ ಹೀಗಾಯಿತು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಡಾಕ್ಟರು ವರ್ಗವಾಗಿ ಹೋದರು. ಅತ್ತೆ ಒಪ್ಪಲಿಲ್ಲ ಎಂದಷ್ಟೇ ಅವಳಿಗೆ ಗೊತ್ತು. "ನಮ್ಮಕ್ಕ ನನ್ ಪ್ರಾಣ ಉಳಿಸಿದ್ಲು" ಎಂದು ಮಿಲ್ಲಿನವರ ಮುಂದೆ ಹೇಳುತ್ತಿದ್ದಳು. ನಾನು ನೀರು ತರುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಮೂವತ್ತು ವರ್ಷ ಹೀಗೆ ಎದ್ದು ಹೋಗಿದ್ದೇನೆ.

ಕೆಲಸದಲ್ಲಿ ಬದಲಾದದ್ದು ಬಹಳ. ಗಂಧಕ ಹೋಯಿತು, ಬಿಳಿ ಔಷಧಿ ಹಿಂದೆ ಸರಿಯಿತು, ಒಂದೇ ಸಲ ಹಚ್ಚುವ ಕ್ರೀಮು ಬಂತು. ಕುರಿಗೆ ಕೊಡುವ ಹುಳದ ಔಷಧಿಯನ್ನೇ ಮನುಷ್ಯರಿಗೂ ಮಾತ್ರೆ ಮಾಡಿದರು. ಹೆಣ್ಣು ಡಾಕ್ಟರು ಬಂದರು, ಪರದೆಯೊಳಗಿನ ನನ್ನ ಕೂಗಾಟ ಮುಗಿಯಿತು. ನಿವೃತ್ತಿಗೆ ಮುಂಚೆ ಬಂದ ಚಿಕ್ಕ ವಯಸ್ಸಿನ ಡಾಕ್ಟರಮ್ಮನಿಗೆ ನಾಯಿಯ ಕಥೆ ಹೇಳಿದೆ, ಯಾರದೋ ಕಥೆ ಎನ್ನುವ ಹಾಗೆ. ಅವರು ತಲೆಯಾಡಿಸಿ ಇನ್ನೂ ಆಳಕ್ಕೆ ಹೋದರು. ಚರ್ಮದ ಒಂದೊಂದು ಕಣದೊಳಗೂ ಏನು ಮಾಡಬೇಕೆಂಬ ಅಪ್ಪಣೆಗಳೆಲ್ಲ ಇರುತ್ತವಂತೆ. ಜೀನ್ ಎಂದರೆ ಅದೇ. ಹೆಚ್ಚಿನವು ಮುಚ್ಚಿಕೊಂಡಿರುತ್ತವೆ. ಹುಳ ಬಂದಾಗ ಕೆಲವು ತೆರೆದುಕೊಳ್ಳುತ್ತವೆ. ಆಗ ಆ ಕಣ ಸುದ್ದಿ ಕಳಿಸುವ ರಸಗಳನ್ನು ಮಾಡುತ್ತದೆ. ಒಂದು ರಸ ರಕ್ತದ ಕಾವಲಿನವರನ್ನು ಕರೆಯುತ್ತದೆ, ಒಂದು ನರವನ್ನು ಕೆಣಕಿ ನವೆ ಎಬ್ಬಿಸುತ್ತದೆ. ಆ ಮಾತ್ರೆ ಕಣದ ಒಳಕ್ಕೇ ಹೋಗಿ ಆ ಅಪ್ಪಣೆಗಳನ್ನು ಮುಚ್ಚಿಬಿಡುತ್ತದೆ.

"ಬಾಯಿ ಕಟ್ಟೋದಲ್ಲ ತಿಪ್ಪಮ್ಮ, ಬೊಗಳೋದನ್ನೇ ನಾಯಿಗೆ ಮರೆಸಿಬಿಡೋದು" ಎಂದರು.

ಆ ಮಾತು ಆಗಿನಿಂದ ನನ್ನೊಳಗೆ ಕೆರೆಯುತ್ತಲೇ ಇತ್ತು. ಬೀದಿಯ ಹುಡುಗಿ ಬಂದು ಯಾಕೆ ಎಂದು ಕೇಳಿ ಹೋದ ಮೇಲೆ ತಡೆಯಲಾಗಲಿಲ್ಲ. ಮೊರದಲ್ಲಿ ಕಡ್ಲೆಬೀಜ ಆರಿಸುತ್ತಿದ್ದ ಗಂಗಿಯ ಎದುರು ನಿಂತು ಎಲ್ಲ ಹೇಳಿದೆ. ಅವಳ ಬೆರಳು ನಿಲ್ಲಲಿಲ್ಲ. ಒಳ್ಳೆಯದು ಒಂದು ಕಡೆ, ಕೊಳೆತದ್ದು ಒಂದು ಕಡೆ. ಮೊರದ ಬೀಜ ಮುಗಿದ ಮೇಲೆ, "ನಮ್ಮತ್ತೆ ಏನು ಕೇಳಿದ್ಲು? ಅವ್ಳ ಮಾತಾಗೇ ಹೇಳು" ಎಂದಳು. ಹೇಳಿದೆ. "ಇವತ್ತೇ ಕರ್ಕಂತೀನಿ ಅಂದ್ಲಾ?" ಎಂದು ಎರಡು ಸಲ ಕೇಳಿದಳು.

ಮೊರ ಪಕ್ಕಕ್ಕಿಟ್ಟಳು. "ಅವ್ಳು ಇನ್ನೂ ಬದುಕವ್ಳಂತೆ. ಕೇಳಿದ್ದಕ್ಕೆ ಉತ್ರ ಕೊಟ್ಟು ಬಾ. ನಾನೂ ಬರ್ತೀನಿ. ಈ ಸಲ ಮರದ ಕೆಳಗೆ ಕುಂದ್ರಲ್ಲ."

ಹೋದೆವು. ಹಟ್ಟಿಗೆ ಹೆಂಚು ಬಂದಿತ್ತು, ಬೇವು ಅದೇ ಇತ್ತು. ರಂಗಪ್ಪ ತೀರಿಕೊಂಡು ಎರಡು ವರ್ಷವಾಯಿತು ಎಂದು ಅವನ ಮಗ ಹೇಳಿದ. ಸಿದ್ದಮ್ಮ ಒಣಗಿದ ಕಡ್ಡಿಯಾಗಿದ್ದಳು, ಕೂತದ್ದು ಕಂಬಳಿಯ ಮೇಲೆಯೇ. ನಾನು ಮೆಲ್ಲಗೆ ಶುರು ಮಾಡಿದೆ. ಅವಳು ಕಿವಿಗೆ ಕೈಯಿಟ್ಟು, "ಆಂ?" ಎಂದಳು.

"ಅಜ್ಜಿಗೆ ಕಿವಿ ಕೇಳಲ್ಲ, ಕೂಗಿ ಹೇಳ್ರಿ" ಎಂದ ಹುಡುಗ.

ಕೂಗಿದೆ. ಪರದೆಯ ಒಳಗಿನಿಂದ ಕೂಗುತ್ತಿದ್ದ ಹಾಗೆ ಕೂಗಿದೆ. "ಕಜ್ಜಿ ಆದ್ರೆ ಅವ್ಳಿಗ್ಯಾಕೆ ಕೆರೀಲಿಲ್ಲ ಅಂದ್ಯಲ್ಲವ್ವ! ನಾನು ಕದ್ದು ಮಾತ್ರೆ ಕೊಟ್ಟಿದ್ದೆ! ಅದಕ್ಕೆ ಕೆರೀಲಿಲ್ಲ! ಅವ್ಳಿಗೆ ದೊಡ್ಡ ರೋಗ ಇರ್ಲಿಲ್ಲ! ನಿಮ್ಗೆಲ್ಲ ಕಜ್ಜಿ ಹತ್ತಿದ್ದೂ ನನ್ನಿಂದ್ಲೇ!" ಅಕ್ಕಪಕ್ಕದ ಬಾಗಿಲುಗಳಿಂದ ಜನ ಹೊರಗೆ ಬಂದರು. ಇನ್ನೊಮ್ಮೆ ಹೇಳಬೇಕಾಯಿತು. ಹೇಳಿದೆ.

ಸಿದ್ದಮ್ಮ ನನ್ನನ್ನು ನೋಡಿದಳು. "ಗೊತ್ತಿತ್ತಲ್ಲ, ಅವತ್ತೇ ಯಾಕೆ ಹೇಳ್ಲಿಲ್ಲ?" ಎಂದಳು.

ಅವಳ ಪ್ರಶ್ನೆಗಳು ಯಾವಾಗಲೂ ನೆಟ್ಟಗೆ ಇರುತ್ತವೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ಕಣ್ಣು ಗಂಗಿಯ ಕಡೆಗೆ ತಿರುಗಿತ್ತು. ಕೈ ಚಾಚಿ ಗಂಗಿಯ ಅಂಗೈ ಹಿಡಿದು ಮುಖದ ಹತ್ತಿರ ತಂದು, ಬೆರಳ ಸಂದುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಆಮೇಲೆ ಮೆಲ್ಲನೆ ಪಕ್ಕಕ್ಕೆ ಸರಿದು, ಮಡಚಿದ್ದ ಕಂಬಳಿಯ ಅಂಚನ್ನು ನೆಲಕ್ಕೆ ಬಿಡಿಸಿದಳು.

"ಕುಂತ್ಕ ಬಾರೇ" ಎಂದಳು.

ಗಂಗಿ ಕೂತಳು. ನನಗೆ ಯಾರೂ ಕೂರು ಎನ್ನಲಿಲ್ಲ. ಬಸ್ಸಿನ ಹೊತ್ತಾಗುವವರೆಗೆ ನಾನು ಬೇವಿನ ಕೆಳಗೆ ನಿಂತೇ ಇದ್ದೆ.